ಗುಂಡ್ಲುಪೇಟೆಗೆ ಯಾವ ಪಿಕಪ್?

ಪಿಕಪ್ ಕೊಳ್ಳಲು ಹೊರಟ ರೈತನ ಮುಂದೆ ಷೋರೂಮಿನಲ್ಲಿ ಮೊದಲು ಬರುವುದು ಕಂತಿನ ಲೆಕ್ಕ. ತಿಂಗಳಿಗೆ ಇಷ್ಟು ಕಟ್ಟಿದರೆ ಸಾಕು ಎನ್ನುವ ಹೊತ್ತಿಗೆ ಅರ್ಧ ವ್ಯಾಪಾರ ಕುದುರಿರುತ್ತದೆ. ಗಾಡಿ ಹೊರಬೇಕಾದ ಮಾಲು ಯಾವುದು, ಓಡಬೇಕಾದ ದಾರಿ ಯಾವುದು ಎಂಬ ಮಾತು ಬರುವುದು ಆಮೇಲೆ, ಒಮ್ಮೊಮ್ಮೆ ಬರುವುದೇ ಇಲ್ಲ. ಗುಂಡ್ಲುಪೇಟೆ ಸೀಮೆಯಲ್ಲಿ ಈ ಎರಡನ್ನೂ ಮೊದಲು ಕೇಳಿಕೊಳ್ಳಬೇಕು. ಇಲ್ಲಿನ ಬೆಳೆಯೂ ಬೇರೆ, ದಾರಿಯೂ ಬೇರೆ.

ದಾರಿಯಿಂದಲೇ ಶುರು ಮಾಡೋಣ. ಊರಿನಿಂದ ಉತ್ತರಕ್ಕೆ ಮೈಸೂರು ಸುಮಾರು 60 ಕಿ.ಮೀ., ನೇರ ಹೆದ್ದಾರಿ. ಅಲ್ಲಿ ಯಾವ ಗಾಡಿಯೂ ಓಡುತ್ತದೆ. ಅದೇ ರಾಷ್ಟ್ರೀಯ ಹೆದ್ದಾರಿ 766 ಪಶ್ಚಿಮಕ್ಕೆ ತಿರುಗಿ ಬಂಡೀಪುರದ ಕಾಡು ಹೊಕ್ಕು, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿ ಮುಟ್ಟುತ್ತದೆ. ಕೋಳಿಕ್ಕೋಡಿಗೆ ಹೋಗುವ ಮಾಲು ಮುಂದೆ ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ ತಿರುವುಗಳನ್ನು ಇಳಿಯಬೇಕು. ಇನ್ನೊಂದು ಹೆದ್ದಾರಿ ಬಂಡೀಪುರದ ಕಾಡಿನಲ್ಲೇ ಹಾದು ಗೂಡಲೂರು, ಊಟಿಯ ಕಡೆ ಏರುತ್ತದೆ. ಚಾಮರಾಜನಗರದ ಕಡೆಯ ಅರಿಸಿನ ಈರೋಡಿನ ಮಾರುಕಟ್ಟೆಗೆ ಹೋಗುವುದಾದರೆ ದಿಂಬಂ ಘಾಟಿಯಲ್ಲಿ 27 ತಿರುವುಗಳು. ಅಂದರೆ ಇಲ್ಲಿನ ಪಿಕಪ್ ತುಂಬಿದ ಲೋಡಿನೊಡನೆ ಇಳಿಜಾರು ಇಳಿಯುವ ಗಾಡಿ. ಏರುವ ಶಕ್ತಿಯನ್ನು ಎಲ್ಲರೂ ವಿಚಾರಿಸುತ್ತಾರೆ, ವಿಚಾರಿಸಬೇಕಾದದ್ದು ಬ್ರೇಕನ್ನು.

ಇದಕ್ಕೆ ಗಡಿಯಾರದ ಒತ್ತಡವೂ ಸೇರಿಕೊಳ್ಳುತ್ತದೆ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಡಿನ ಪ್ರಾಣಿಗಳಿಗೆ ಇದು ಅತ್ಯಗತ್ಯವಾದ ಏರ್ಪಾಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ತೆರಕಣಾಂಬಿಯ ಮಾರುಕಟ್ಟೆಯಲ್ಲಿ ತಡವಾಗಿ ಲೋಡಾದ ಟೊಮೆಟೊ ಗಾಡಿ ಒಂಬತ್ತರೊಳಗೆ ಕಾಡಿನ ಗೇಟು ದಾಟಬೇಕೆಂದು ಓಡುತ್ತದೆ. ಹೀಗೆ ಓಡುವ ಗಾಡಿಯಲ್ಲಿ ಲೋಡು ಎಷ್ಟಿದೆ ಎಂಬುದೇ ಸುರಕ್ಷತೆಯ ಮೊದಲ ಪ್ರಶ್ನೆ.

ಇನ್ನು ಬೆಳೆ. ಟೊಮೆಟೊ, ಈರುಳ್ಳಿ, ಕಲ್ಲಂಗಡಿ, ಅರಿಸಿನ ಇವೆಲ್ಲ ತೂಕದ ಮಾಲು. ಬಾಡಿ ತುಂಬುವ ಮೊದಲೇ ಗಾಡಿಯ ಮಿತಿ ಮುಗಿದುಹೋಗುತ್ತದೆ. ಚೆಂಡು ಹೂವು, ಕೊತ್ತಂಬರಿ, ಸೊಪ್ಪು ಜಾಗ ತಿನ್ನುವ ಮಾಲು. ಬಾಡಿ ಉಕ್ಕುತ್ತಿದ್ದರೂ ತೂಕ ಅಷ್ಟಿರುವುದಿಲ್ಲ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಸುತ್ತ ಹರಡಿಕೊಳ್ಳುವ ಚೆಂಡು ಹೂವಿನ ಬೆಳೆಗಾರನಿಗೆ ಬೇಕಾದದ್ದು ಉದ್ದನೆಯ ಬಾಡಿ. ಟೊಮೆಟೊ ಬೆಳೆಗಾರನಿಗೆ ಬೇಕಾದದ್ದು ಹೆಚ್ಚಿನ ಹೊರೆಮಿತಿ. ಇಬ್ಬರೂ ಒಂದೇ ಗಾಡಿ ಕೊಂಡರೆ ಒಬ್ಬನಿಗಂತೂ ನಷ್ಟ.

ಲೆಕ್ಕ ಹಾಕಿ ನೋಡಬಹುದು. ಕ್ರೇಟಿಗೆ 25 ಕಿಲೋ ಎಂದಿಟ್ಟುಕೊಂಡರೆ, 2005ರಲ್ಲಿ ಬಂದು ‘ಚಿಕ್ಕ ಆನೆ’ ಎನಿಸಿಕೊಂಡ, 750 ಕಿಲೋ ಹೊರುವ ಟಾಟಾ ಏಸ್‌ಗೆ 30 ಕ್ರೇಟು. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನ ಒಂದೂಕಾಲು ಟನ್ನಿಗೆ 50 ಕ್ರೇಟು. ಮಹೀಂದ್ರಾ ಬೊಲೆರೊ ಪಿಕಪ್‌ನ 1.3 ಟನ್ ಮಾದರಿಗೆ 52, 1.7 ಟನ್ ಮಾದರಿಗೆ 68. ನೂರು ಕ್ರೇಟು ಒಂದೇ ಸಲ ಸಾಗಿಸುವವರು ಪಿಕಪ್ ಬಿಟ್ಟು ಟಾಟಾ 407ರಂಥ ಗಾಡಿ ನೋಡುವುದು ಒಳ್ಳೆಯದು. 1.3 ಟನ್ನಿನ ಗಾಡಿಗೆ ಪಕ್ಕದ ಹಲಗೆ ಎತ್ತರಿಸಿ, ಕ್ಯಾಬಿನ್ನಿಗಿಂತ ಮೇಲೆ ಕ್ರೇಟು ಪೇರಿಸಿದರೆ ತೂಕ ಮಿತಿ ಮೀರುವುದಷ್ಟೇ ಅಲ್ಲ, ಭಾರವೆಲ್ಲ ಮೇಲಕ್ಕೇರಿ ತಿರುವಿನಲ್ಲಿ ಗಾಡಿ ಹೊರಗೆ ವಾಲುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದು ನಿಲ್ಲಬಹುದು. ಬ್ರೇಕಿನ ಶಕ್ತಿ ಅದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ.

ದಂಡದ ಮಾತೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಟನ್ನಿಗೆ 2,000.

ಕಾರು ಕೊಳ್ಳುವವರಿಗೆ ಈಗ ಒಂದು ಅನುಕೂಲವಿದೆ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದು, ಡಿಕ್ಕಿ ಪರೀಕ್ಷೆಯ ನಕ್ಷತ್ರಗಳು ಸಿಗುತ್ತಿವೆ. ಆದರೆ ಅದು 3.5 ಟನ್ ಒಳಗಿನ ಪ್ರಯಾಣಿಕ ವಾಹನಗಳಿಗೆ ಮಾತ್ರ. ಸರಕು ಗಾಡಿಗಳಿಗೆ ಅನ್ವಯಿಸುವುದಿಲ್ಲ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೂ ಕಾರುಗಳಿಗೇ. ಮುಂಜಾನೆಯಿಂದ ಸಂಜೆವರೆಗೆ ರಸ್ತೆಯ ಮೇಲೇ ಇರುವ ಪಿಕಪ್ ಚಾಲಕನಿಗೆ ತನ್ನ ಕ್ಯಾಬಿನ್ ಡಿಕ್ಕಿಯನ್ನು ಎಷ್ಟು ತಡೆಯುತ್ತದೆಂದು ತಿಳಿಯುವ ದಾರಿಯೇ ಇಲ್ಲ. ಇದು ಅನ್ಯಾಯ. ಸರಕು ಗಾಡಿಗಳಿಗೂ ನಕ್ಷತ್ರ ಬರಬೇಕು, ಬೇಗ ಬರಬೇಕು. ಅಲ್ಲಿಯವರೆಗೆ ಕೊಳ್ಳುವವರೇ ಕೇಳಿ ತಿಳಿಯಬೇಕು: ಎಬಿಎಸ್ ಇದೆಯೇ, ಏರ್‌ಬ್ಯಾಗ್ ಇದೆಯೇ, ಮೂರನೆಯವನು ಕೂರುವ ಜಾಗಕ್ಕೂ ಬೆಲ್ಟ್ ಇದೆಯೇ?

ಹಾಗಾದರೆ ದೊಡ್ಡ ಪಿಕಪ್ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಟೊಯೊಟಾ ಹೈಲಕ್ಸ್ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಗಾಡಿ. 2022ರಲ್ಲಿ ಇಲ್ಲಿ ಮಾರಾಟಕ್ಕೆ ಬಂತು. 5.3 ಮೀಟರ್ ಉದ್ದ, 2.8 ಲೀಟರ್ ಡೀಸೆಲ್ ಎಂಜಿನ್, ಏಳು ಏರ್‌ಬ್ಯಾಗ್. ಆಸ್ಟ್ರೇಲಿಯಾದಲ್ಲಿ ಮಾರುವ ಹೈಲಕ್ಸ್ 2019ರ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿದೆ. ಗಟ್ಟಿತನದಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಭಾರತದ ಹೈಲಕ್ಸ್‌ನ ಹೊರೆಮಿತಿ ಅರ್ಧ ಟನ್ನಿನ ಒಳಗೆ. ಮೂವತ್ತು ಲಕ್ಷದ ಆಸುಪಾಸಿನ ಗಾಡಿ, ಟಾಟಾ ಏಸ್ ಹೊರುವಷ್ಟು ಟೊಮೆಟೊವನ್ನೂ ಹೊರುವುದಿಲ್ಲ. ಅಮೆರಿಕದಲ್ಲಿ ‘ಫುಲ್ ಸೈಜ್’ ಎನ್ನುವ ಫೋರ್ಡ್ ಎಫ್-150 ಇದಕ್ಕಿಂತಲೂ ಉದ್ದ, ಎರಡು ಮೀಟರ್ ಅಗಲ. ಹಂಗಳದ ಕಡೆಯ ಹೊಲದ ದಾರಿಯಲ್ಲಿ ಎದುರು ಎತ್ತಿನ ಗಾಡಿ ಬಂದರೆ ಎರಡರಲ್ಲಿ ಒಂದು ಹಿಂದಕ್ಕೆ ಸರಿಯಲೇಬೇಕು. ಇವು ಕುಟುಂಬದ ಗಾಡಿಯಾಗಿ ಚೆನ್ನ. ಬೆಳೆ ಸಾಗಿಸಲು ಅಲ್ಲ.

ದಿನಬಳಕೆಯಲ್ಲಿ ಅತಿ ದೊಡ್ಡ ಅಪಾಯವಿರುವುದು ಹಿಂದಿನ ಬಾಡಿಯಲ್ಲಿ ಜನರನ್ನು ಕೂರಿಸುವುದರಲ್ಲಿ. ಕಳೆ ಕೀಳಲು, ಹೂ ಬಿಡಿಸಲು ಆಳುಗಳು, ಮದುವೆಗೆ ನೆಂಟರು, ಜಾತ್ರೆಗೆ ಮಕ್ಕಳು, ಎಲ್ಲರೂ ಅಲ್ಲೇ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿತು. ಮಾಲಿನೊಡನೆ ಪ್ರಯಾಣಿಸುತ್ತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಬೆಲ್ಟಿಲ್ಲದೆ, ಆಸನವಿಲ್ಲದೆ ಮೂಟೆಗಳ ನಡುವೆ ಕೂತವರಿಗೆ ಗಾಡಿ ಉರುಳಿದಾಗ ಮೂಟೆಯೇ ಮೃತ್ಯು.

ವಿಮೆಯೂ ಇಲ್ಲಿ ಕೈಬಿಡುತ್ತದೆ. ಸರಕು ಗಾಡಿಯಲ್ಲಿ ಮಾಲಿನ ಒಡೆಯ ಅಥವಾ ಅವನ ಪ್ರತಿನಿಧಿಗೆ ಕಾನೂನಿನ ರಕ್ಷಣೆ ಇದೆ. ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಪರಿಹಾರ ಬಂದು ನಿಲ್ಲುವುದು ಗಾಡಿಯ ಮಾಲೀಕನ ತಲೆಯ ಮೇಲೆ, ಅಂದರೆ ಅವನ ಹೊಲದ ಮೇಲೆ. ದಿನವೂ ನಾಲ್ಕು ಆಳುಗಳನ್ನು ಕರೆತರಬೇಕಾದವರಿಗೆ ಬೊಲೆರೊ ಕ್ಯಾಂಪರ್‌ನಂಥ ಎರಡು ಸಾಲಿನ ಕ್ಯಾಬಿನ್ನೇ ಸರಿ. ಚಾಲಕನೂ ಸೇರಿ ಐದು ಜನ ಒಳಗೆ ಕೂರಬಹುದು, ಹಿಂದೆ ಮಾಲೂ ಹಿಡಿಯುತ್ತದೆ. ಬಾಡಿ ಗಿಡ್ಡವಾಗುತ್ತದೆ ನಿಜ. ಆದರೆ ಜೀವ ಉಳಿಯುತ್ತದೆ.

ಖರ್ಚಿನ ಲೆಕ್ಕವನ್ನು ಕಿಲೋಗೆ ಎಷ್ಟು ಬಿತ್ತು ಎಂದು ಹಾಕಬೇಕು. ಮೈಸೂರಿಗೆ ಹೋಗಿಬರಲು 120 ಕಿ.ಮೀ.; ಲೀಟರಿಗೆ 12 ಕಿ.ಮೀ., ಡೀಸೆಲ್ 90 ರೂಪಾಯಿ ಎಂದರೆ 900 ರೂಪಾಯಿ. 1,300 ಕಿಲೋ ಒಯ್ದರೆ ಕಿಲೋಗೆ ಸುಮಾರು 70 ಪೈಸೆ. ಬರೀ 500 ಕಿಲೋ ಒಯ್ದರೆ 1.80 ರೂಪಾಯಿ. ಒಂದು ಎಕರೆ ತರಕಾರಿ ಬೆಳೆಯುವವನು ದೊಡ್ಡ ಪಿಕಪ್ ಕೊಂಡು ಅರೆಖಾಲಿ ಓಡಿಸುವುದಕ್ಕಿಂತ ಏಸ್ ಇಟ್ಟುಕೊಳ್ಳುವುದು, ಇಲ್ಲವೇ ಬಾಡಿಗೆ ಗಾಡಿ ಹಿಡಿಯುವುದು ಲಾಭ. ಥರ್ಡ್ ಪಾರ್ಟಿ ವಿಮೆಯನ್ನೂ ಮರೆಯಬಾರದು: 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 7,500 ಕಿಲೋ ಒಳಗಿನ ಬಾಡಿಗೆ ಸರಕು ಗಾಡಿಗೆ ವರ್ಷಕ್ಕೆ 16,049 ರೂಪಾಯಿ, ದೊಡ್ಡ ಎಂಜಿನ್ನಿನ ಕಾರಿಗೆ 7,897. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಆಮೇಲೆ ಪ್ರತಿ ವರ್ಷ. ಸಮಾಧಾನದ ಸಂಗತಿಗಳೂ ಇವೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಡ. ಕಾರಿನ ಲೈಸೆನ್ಸ್ ಇರುವವರೇ 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ.

ಒಟ್ಟಿನಲ್ಲಿ ನೋಡಿದರೆ, ಟೊಮೆಟೊ, ಈರುಳ್ಳಿಯನ್ನು ಬತ್ತೇರಿ ದಾಟಿಸುವವರಿಗೆ 1.7 ಟನ್ನಿನ ಪಿಕಪ್, ಅದೂ 1.3 ಟನ್ ಮಾತ್ರ ತುಂಬುವ ಶಿಸ್ತಿನೊಡನೆ. ಚೆಂಡು ಹೂವಿನವರಿಗೆ ಅತಿ ಉದ್ದದ ಬಾಡಿಯ ಮಾದರಿ. ತೆರಕಣಾಂಬಿಯಿಂದ ಆಚೆ ಹೋಗದ ಸಣ್ಣ ಹಿಡುವಳಿಗೆ ಏಸ್. ಆಳುಗಳನ್ನು ಕರೆತರಬೇಕಾದ ತೋಟದವರಿಗೆ ಎರಡು ಸಾಲಿನ ಕ್ಯಾಂಪರ್.

ಷೋರೂಮಿನ ಟೆಸ್ಟ್ ಡ್ರೈವ್ ಖಾಲಿ ಗಾಡಿಯದು, ಅದರಿಂದ ತಿಳಿಯುವುದು ಕಡಿಮೆ. ಮುಂಗಡ ಕೊಡುವ ಮೊದಲು ಅದೇ ಮಾದರಿ ಓಡಿಸುವ ಪರಿಚಿತರೊಡನೆ, ಲೋಡಾದ ಗಾಡಿಯಲ್ಲಿ ಒಮ್ಮೆ ಘಾಟಿ ಇಳಿದು ಬರುವುದು ಮೇಲು. ಎರಡನೇ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದಿಡುತ್ತದೆಯೇ, ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆಯೇ, ಟಾರ್ಪಾಲು ಹೊದಿಸಿದ ಮೇಲೂ ಹಿಂದಿನ ಕೆಂಪು ದೀಪ ಹಿಂಬದಿಯವರಿಗೆ ಕಾಣುತ್ತದೆಯೇ, ಮಳೆಯಲ್ಲಿ ಖಾಲಿ ವಾಪಸಾಗುವಾಗ ಹಿಂದಿನ ಚಕ್ರ ಜಾರುತ್ತದೆಯೇ ಎಂದು ನೋಡಿಕೊಂಡರೆ, ಕಂತಿನ ಲೆಕ್ಕಕ್ಕೆ ಕೂರಬಹುದು.