ಗಂಗೆಯನ್ನು ಕೇಳಿದ ಕಂಠಗಳು

ಟಾಲಿಗಂಜಿನ ಗಾಲ್ಫ್ ಕ್ಲಬ್ ರಸ್ತೆಯಲ್ಲಿ ನೆಲೆಸಿದ್ದ ಭೂಪೇನ್ ಹಜಾರಿಕಾ ಅವರ ಗಂಗೆಯ ಹಾಡು, ಪಾಲ್ ರೋಬ್ಸನ್ ಹಾಡಿದ ಮಿಸಿಸಿಪಿಯ ಗೀತೆಯಿಂದ ಸ್ಫೂರ್ತಿ ಪಡೆದದ್ದು. ಅಲ್ಲಿ ನದಿ ಮೌನಿ. ಇಲ್ಲಿ ಕವಿ ನದಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಒಬ್ಬರೇ ಹಾಡಿದರೆ ಅದು ಅಳಲು. ರುಮಾ ಗುಹ ಠಾಕುರ್ತಾ 1958ರಲ್ಲಿ ಕಟ್ಟಿದ ಕಲ್ಕತ್ತಾ ಯೂತ್ ಕಾಯರ್ ಹಾಡಿದಾಗ ಊರೇ ಕೇಳುವ ಲೆಕ್ಕ.

ರೋಬ್ಸನ್‌ಗಿಂತ ಮೊದಲೇ, 1871ರಲ್ಲಿ, ಸಾಲದಲ್ಲಿದ್ದ ತಮ್ಮ ಫಿಸ್ಕ್ ವಿದ್ಯಾಲಯವನ್ನು ಉಳಿಸಲು ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಹಾಡುತ್ತ ಹೊರಟಿದ್ದರು. ಗುಲಾಮರಾಗಿದ್ದ ಹಿರಿಯರ ಹಾಡುಗಳೇ ಅವರ ಬಂಡವಾಳ.

ನಮ್ಮ ಸಂಘಗಳ ವೃಂದಗಾನದಲ್ಲಿ ಎಲ್ಲರೂ ಮುಂದಾಳಿನ ನೆರಳಾಗುತ್ತಾರೆ. ದನಿ ಹಿಗ್ಗುತ್ತದೆ, ಅರ್ಥ ಹಿಗ್ಗುವುದಿಲ್ಲ. ರಾಜ್ಯೋತ್ಸವಕ್ಕೆ ಹಾಡು ಆರಿಸುವ ಮಿತ್ರರು, ಇದು ಹಲವರು ಹಾಡಲೇಬೇಕಾದ ಹಾಡೇ ಎಂದು ಮೊದಲು ಕೇಳಿಕೊಳ್ಳಲಿ ಎಂಬುದು ನಮ್ಮ ಬಿನ್ನಹ.