ಸ್ಮೃತಿಯ ಸ್ಥಾನ: ಅಮೆರಿಕದ ವಾರಪತ್ರಿಕೆಗಳ ಮುಖಚಿತ್ರಗಳನ್ನು ಕುರಿತು

ಭರತನು ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಒಂದು. ಅದು ತಾನಾಗಿಯೇ ರಸಪದವಿಗೆ ಏರಲಾರದು; ರತಿಗೋ ಶೋಕಕ್ಕೋ ಪೋಷಕವಾಗಿ ಬಂದು, ತನ್ನ ಕೆಲಸವನ್ನು ಮುಗಿಸಿ ಸರಿಯಬೇಕಾದುದು. ಉಂಗುರವನ್ನು ಕಂಡ ದುಷ್ಯಂತನಿಗೆ ಉಂಟಾಗುವ ನೆನಪು ಸುಖದ ನೆನಪಲ್ಲ. ತಾನು ಯಾರನ್ನು ತೊರೆದೆನೆಂಬ ಅರಿವು ಅದರ ಜೊತೆಯಲ್ಲಿಯೇ ಬರುತ್ತದೆ. ಆ ಪಶ್ಚಾತ್ತಾಪದಿಂದಲೇ ಅಲ್ಲಿ ಸ್ಮೃತಿಗೆ ಬೆಲೆ. ಇದಕ್ಕೆ ವಿರುದ್ಧವಾಗಿ, ಸಂಚಾರಿಯೇ ಸಿಂಹಾಸನವನ್ನೇರಿ ಕುಳಿತರೆ ಏನಾಗುತ್ತದೆ? ಗತಕಾಲದ ಹಂಬಲವೆಂಬ ಆಧುನಿಕ ಮನೋಭಾವವನ್ನು ಪರೀಕ್ಷಿಸಲು ಈ ಪ್ರಶ್ನೆಯು ನೆರವಾಗುವಂತೆ ತೋರುತ್ತದೆ. ಆ ಪರೀಕ್ಷೆಗೆ ಅಮೆರಿಕದ ಜನಪ್ರಿಯ ಪತ್ರಿಕೆಗಳಿಗಿಂತ ತಕ್ಕ ಸಾಮಗ್ರಿ ದೊರೆಯುವುದು ಕಷ್ಟ.

ಕಳೆದ ಶತಮಾನದ ನಡುಗಾಲದಲ್ಲಿ ಆ ದೇಶದ ಮನೆಮನೆಯನ್ನೂ ಹೊಕ್ಕ ಪತ್ರಿಕೆಗಳು ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’, ‘ಕಾಲಿಯರ್ಸ್’, ‘ಲುಕ್’, ‘ಲೈಫ್’ ಎಂಬುವು. ‘ಕಾಲಿಯರ್ಸ್’ ೧೯೫೭ರಲ್ಲಿಯೂ ‘ಲುಕ್’ ೧೯೭೧ರಲ್ಲಿಯೂ ನಿಂತವು. ‘ಪೋಸ್ಟ್’ ತನ್ನ ಹಳೆಯ ರೂಪದಲ್ಲಿ ೧೯೬೯ರಲ್ಲಿ, ‘ಲೈಫ್’ ವಾರಪತ್ರಿಕೆಯಾಗಿ ೧೯೭೨ರಲ್ಲಿ ಕೊನೆಗಂಡವು. ಓದುಗರು ಕೈಬಿಟ್ಟುದರಿಂದ ಇವು ಅಳಿದವೆಂದು ತಿಳಿಯಬಾರದು. ೧೯೬೦ರ ದಶಕದಲ್ಲಿಯೂ ‘ಪೋಸ್ಟ್’ ಅರುವತ್ತು ಲಕ್ಷಕ್ಕೆ ಮೇಲ್ಪಟ್ಟು ಹರಡುತ್ತಿದ್ದಿತು. ಆದರೆ ಪತ್ರಿಕೆಯ ಬೆಲೆ ಅದರ ವೆಚ್ಚಕ್ಕೆ ಸಾಲುತ್ತಿರಲಿಲ್ಲ, ಜೀವನಾಧಾರವು ಜಾಹೀರಾತು, ಆ ಜಾಹೀರಾತನ್ನು ಟೆಲಿವಿಷನ್ ಸೆಳೆದುಕೊಂಡಿತು. ಅಂದಿನಿಂದ ಇವುಗಳ ಹಳೆಯ ಸಂಚಿಕೆಗಳು ಸಂಗ್ರಾಹಕರ ನಿಧಿಗಳಾಗಿವೆ. ನಾರ್ಮನ್ ರಾಕ್‌ವೆಲ್ಲನು ‘ಪೋಸ್ಟ್’ ಪತ್ರಿಕೆಗಾಗಿ ೧೯೫೧ರಲ್ಲಿ ಬರೆದ, ಉಪಾಹಾರಗೃಹದಲ್ಲಿ ಊಟಕ್ಕೆ ಮುಂಚೆ ಪ್ರಾರ್ಥಿಸುವ ಅಜ್ಜಿ ಮೊಮ್ಮಗನ ಚಿತ್ರವು ೨೦೧೩ರಲ್ಲಿ ನಾಲ್ಕು ಕೋಟಿ ಅರುವತ್ತು ಲಕ್ಷ ಡಾಲರಿಗೆ ಮಾರಾಟವಾಯಿತು.

ಪತ್ರಿಕೆಗಳು ಸತ್ತ ಮೇಲೆ ಈ ಹಂಬಲವು ಹುಟ್ಟಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ನಮಗೆ ಅದು ಒಪ್ಪಿಗೆಯಾಗದು. ‘ಪೋಸ್ಟ್’ ಹುಟ್ಟಿದುದು ೧೮೨೧ರಲ್ಲಿ. ೧೮೯೭ರಲ್ಲಿ ಸೈರಸ್ ಕರ್ಟಿಸ್ ಎಂಬುವನು ಅದನ್ನು ಕೊಂಡನು. ಬಳಿಕ ಅದು, ತಾನು ೧೭೨೮ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನಿಂದ ಸ್ಥಾಪಿತವಾದುದೆಂದು ಮುಖಪುಟದ ಮೇಲೆಯೇ ಸಾರತೊಡಗಿತು. ಫ್ರಾಂಕ್ಲಿನ್ನನು ಮೃತನಾದುದು ೧೭೯೦ರಲ್ಲಿ. ಇಲ್ಲದ ಗತವೈಭವವನ್ನು ಹಣೆಯಲ್ಲಿ ಬರೆದುಕೊಂಡೇ ಪತ್ರಿಕೆಯು ಬೆಳೆಯಿತು. ಹಂಬಲವು ಅದರ ಸಮಾಧಿಯ ಮೇಲಣ ಹೂವಲ್ಲ. ಅದರ ಅಂಗಡಿಯ ಸರಕು.

ಹಾಗೆಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ವಿಮರ್ಶೆಯಾಗದು. ೧೯೫೪ರ ಸೆಪ್ಟೆಂಬರಿನ ಒಂದು ಮುಖಚಿತ್ರದಲ್ಲಿ ರೈತನೊಬ್ಬನು ಕಾಲೇಜಿಗೆ ಹೊರಟ ಮಗನೊಡನೆ ರೈಲನ್ನು ಕಾಯುತ್ತ ಕುಳಿತಿದ್ದಾನೆ. ಮಗನ ದೃಷ್ಟಿ ರೈಲು ಬರುವ ಕಡೆಗೆ. ತಂದೆಯ ಮುಖವು ಬೇರೊಂದು ದಿಕ್ಕಿಗೆ, ಕೈಯಲ್ಲಿ ಇಬ್ಬರ ಟೋಪಿಗಳು. ನಾಯಿಯು ಹುಡುಗನ ತೊಡೆಯ ಮೇಲೆ ತಲೆಯಿಟ್ಟಿದೆ. ಇಲ್ಲಿ ವಾತ್ಸಲ್ಯವೇ ಸ್ಥಾಯಿ; ಹಳ್ಳಿಯ ಬಾಳಿನ ನೆನಪು ಅದಕ್ಕೆ ದಾಸಿ. ಆದುದರಿಂದಲೇ ಈ ಚಿತ್ರವು ದೇಶಕಾಲಗಳನ್ನು ದಾಟಿ ನಮ್ಮನ್ನೂ ಮುಟ್ಟಬಲ್ಲುದು.

ಇನ್ನೊಂದು ಚಿತ್ರವು ಹೆಚ್ಚು ವಿಚಾರಾರ್ಹ. ೧೯೪೧ರ ಜನವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟನು ಸಾರಿದ ನಾಲ್ಕು ಸ್ವಾತಂತ್ರ್ಯಗಳನ್ನು ರಾಕ್‌ವೆಲ್ಲನು ೧೯೪೩ರಲ್ಲಿ ಚಿತ್ರಿಸಿದನು. ಅಭಾವದಿಂದ ಬಿಡುಗಡೆಯೆಂಬುದಕ್ಕೆ ಅವನು ಬರೆದುದು ಹಬ್ಬದ ಊಟ: ಬಿಳಿಯ ಹಾಸು, ಟರ್ಕಿ ಕೋಳಿಯ ತಟ್ಟೆಯನ್ನಿಳಿಸುತ್ತಿರುವ ಅಜ್ಜಿ, ಸುತ್ತಲೂ ನಗುಮುಖಗಳು. ಇಂದಿಗೂ ಜನರ ನೆನಪಿನಲ್ಲಿರುವುದು ಈ ಚಿತ್ರವೊಂದೇ. ಆದರೆ ಮಾರ್ಚ್ ೬ರ ಆ ಸಂಚಿಕೆಯಲ್ಲಿ ಚಿತ್ರದ ಜೊತೆಗೆ ಒಂದು ಪ್ರಬಂಧವಿದ್ದಿತು. ಬರೆದವನು ಕಾರ್ಲೋಸ್ ಬುಲೋಸಾನ್, ಫಿಲಿಪೀನ್ಸಿನಿಂದ ಬಂದು ಹೊಲಗಳಲ್ಲಿ ಕೂಲಿ ಮಾಡಿ ಬದುಕಿದವನು. ಬೆಳೆಯನ್ನು ಬೆಳೆದವರಿಗೆ ಆ ಸಮೃದ್ಧಿಯಲ್ಲಿ ಪಾಲು ದೊರೆಯಬೇಕೆಂಬುದೇ ಅವನ ವಾದದ ತಿರುಳು. ಅವನ ನಾಡಿಗರಿಗೆ ಅಮೆರಿಕದ ಪೌರತ್ವವನ್ನು ಪಡೆಯುವ ಸಾಮಾನ್ಯ ಹಕ್ಕು ಅಂದು ಇರಲಿಲ್ಲ. ೧೯೪೬ರ ಶಾಸನವೊಂದು ಅದನ್ನು ಅವರಿಗೂ ಭಾರತೀಯರಿಗೂ ಒಟ್ಟಿಗೆ ಒದಗಿಸಿತು. ಊಟದ ಮೇಜಿನ ಬಳಿ ಪೀಠವಿಲ್ಲದವನೇ ಆ ಊಟದ ಭಾಷ್ಯಕಾರನು! ಸಂಚಿಕೆಯು ಎರಡನ್ನೂ ಇಟ್ಟಿತ್ತು. ಹಂಬಲವು ಚಿತ್ರವನ್ನು ಹರಿದುಕೊಂಡು ಲೇಖನವನ್ನು ಬಿಸುಟಿತು.

ಈ ಕೊರತೆಯನ್ನು ಚಿತ್ರಕಾರನು ತಾನೇ ಮನಗಂಡನು. ‘ಪೋಸ್ಟ್’ ಪತ್ರಿಕೆಯಲ್ಲಿ ಕರಿಯರನ್ನು ಸೇವಕರನ್ನಾಗಿಯಲ್ಲದೆ ಚಿತ್ರಿಸಲು ಅವಕಾಶವಿರಲಿಲ್ಲವೆಂದು ಅವನು ಮುಂದೆ ಹೇಳಿಕೊಂಡಿದ್ದಾನೆ. ೧೯೧೬ರಲ್ಲಿ ಮೊದಲಾದ ಆ ಸಂಬಂಧವು ೧೯೬೩ರಲ್ಲಿ ಮುಗಿಯಿತು. ಮರುವರ್ಷದ ಜನವರಿಯಲ್ಲಿ ‘ಲುಕ್’ ಪತ್ರಿಕೆಯು ಅವನ ಹೊಸ ಚಿತ್ರವನ್ನು ಪ್ರಕಟಿಸಿತು. ೧೯೬೦ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ಸೇರಿದ ಆರು ವರ್ಷದ ಕರಿಯ ಬಾಲಿಕೆ ರೂಬಿ ಬ್ರಿಜಸ್ ಅದರ ವಸ್ತು. ಬಿಳಿಯ ಉಡುಪಿನ ಮಗುವಿನ ಹಿಂದೆ ಮುಂದೆ ನಾಲ್ವರು ರಕ್ಷಕರು. ಚೌಕಟ್ಟಿನಲ್ಲಿ ಅವರ ತಲೆಗಳೇ ಇಲ್ಲ. ಗೋಡೆಯ ಮೇಲೆ ಬೈಗುಳ, ಎಸೆದ ಟೊಮೇಟೋವಿನ ಕೆಂಪು. ಅದೇ ಕುಂಚ, ಅದೇ ಸೂಕ್ಷ್ಮ ವಿವರಗಳ ಶೈಲಿ. ಬದಲಾದುದು ಭಾವದ ಸ್ಥಾನ. ಮರೆತವರ ಕಡೆಗೆ ತಿರುಗಿದೊಡನೆ ಕಲೆಗೆ ದುಷ್ಯಂತನ ಸ್ಮೃತಿಯ ಗಾಂಭೀರ್ಯವು ಬಂದಿತು.

ಹಳೆಯ ಪತ್ರಿಕೆಗಳನ್ನು ಪ್ರೀತಿಸುವುದು ದೋಷವಲ್ಲ. ಆದರೆ ಬಿಡಿಚಿತ್ರವನ್ನು ಗೋಡೆಗೆ ತೂಗಿ ಆ ಕಾಲವನ್ನು ಕಂಡೆವೆನ್ನುವುದು, ಸುಭಾಷಿತವೊಂದನ್ನು ಕಂಠಸ್ಥ ಮಾಡಿ ಕಾವ್ಯವನ್ನು ಓದಿದೆವೆನ್ನುವಂತೆ. ಉಪಾಧ್ಯಾಯರು ವಿದ್ಯಾರ್ಥಿಗಳ ಮುಂದೆ ಇಡಬೇಕಾದುದು ಇಡೀ ಸಂಚಿಕೆಯನ್ನು: ಚಿತ್ರ, ಪ್ರಬಂಧ, ಜಾಹೀರಾತು ಎಲ್ಲವನ್ನೂ. ನೆನಪು ಯಾರನ್ನು ಕರೆತರುತ್ತದೆ, ಯಾರನ್ನು ಬಾಗಿಲಲ್ಲಿಯೇ ನಿಲ್ಲಿಸುತ್ತದೆ ಎಂಬುದು ಆಗ ತಾನಾಗಿಯೇ ಗೋಚರವಾಗುವುದು.