ಸರ್ಕಾರವೇ ಬಾಕಿದಾರ: ಮಲಪ್ರಭೆ ದಂಡೆಯ ರೈತ ಚಿಂತನೆ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಸರ್ಕಾರ, ಕಾಲುವೆಯ ಕೆಳಗಿನ ಹೊಲಗಳ ಮೇಲೆ ಬೆಟರ್‌ಮೆಂಟ್ ಲೆವಿ ಹಾಕಿತು. ನೀರು ಬಂದರೆ ಹೊಲದ ಬೆಲೆ ಏರುತ್ತದೆ; ಏರಿಸಿದ್ದು ಸರ್ಕಾರದ ಹಣ; ಆದ್ದರಿಂದ ಅದರಲ್ಲಿ ಸರ್ಕಾರಕ್ಕೂ ಪಾಲು ಬೇಕು. ಈ ತರ್ಕಕ್ಕೆ ವಯಸ್ಸಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬೈ ಪ್ರಾಂತದ ಕಂದಾಯ ಅಧಿಕಾರಿಗಳು ಅರ್ಥಶಾಸ್ತ್ರಜ್ಞ ರಿಕಾರ್ಡೊನ ಗೇಣಿ ಸಿದ್ಧಾಂತ ಓದಿಕೊಂಡು ಬಂದು, ಭೂಮಿಯ ಮಿಗತೆ ಆದಾಯ ಪ್ರಭುತ್ವದ್ದು ಎಂಬ ನಂಬಿಕೆಯಲ್ಲೇ ಸರ್ವೆ ಶುರುಮಾಡಿದ್ದರು. ನಮ್ಮ ಸೀಮೆಯ ಸಂಪಗಾಂವ ತಾಲ್ಲೂಕಿನ ಎರೆಹೊಲಗಳೂ ಆಗ ಆ ಪ್ರಾಂತದವೇ. ಕಾಗದದ ಮೇಲೆ ಲೆವಿ ನ್ಯಾಯವಾಗಿಯೇ ಕಾಣುತ್ತದೆ. ಆದರೆ ನೀರು ಬಂತೇ, ಬಂದದ್ದು ಪೈರಿಗೆ ಸಾಕಾಯಿತೇ ಎಂದು ತೀರ್ಮಾನಿಸುವ ಹಕ್ಕು ಊರಿನ ಯಾರಿಗೂ ಇರಲಿಲ್ಲ. ಅಳೆಯುವವನೂ ವಸೂಲಿ ಮಾಡುವವನೂ ಒಬ್ಬನೇ ಆಗಿದ್ದ.

ವರಲಕ್ಷ್ಮಿ ತಳಿಯ ಹತ್ತಿಯ ದರ ಬಿದ್ದಿದ್ದ ಕಾಲ ಅದು. ನರಗುಂದ, ನವಲಗುಂದ, ಸವದತ್ತಿಯ ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು, ಜೀವಗಳು ಹೋದವು. ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಅಧಿಕಾರವನ್ನೇ ಕಳೆದುಕೊಂಡಿತು.

ಅದೇ 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ಈ ಸಿಟ್ಟಿಗೆ ಒಂದು ಅರ್ಥಶಾಸ್ತ್ರವನ್ನೇ ಕೊಟ್ಟಿತು. ಫಸಲಿನ ಬೆಲೆಯನ್ನು ಸರ್ಕಾರದ ನೀತಿಯೇ ಕೆಳಗೆ ಹಿಡಿದಿಟ್ಟಿದೆ, ಆ ವ್ಯತ್ಯಾಸವನ್ನು ಕೂಡಿಸಿದರೆ ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ. ನನ್ನ ದೃಷ್ಟಿಯಲ್ಲಿ ಇದು ಸ್ವಾತಂತ್ರ್ಯಾನಂತರದ ಕರ್ನಾಟಕ ಕಂಡ ಅತ್ಯಂತ ಧೈರ್ಯದ ಆರ್ಥಿಕ ವಿಚಾರ. ಬ್ಯಾಂಕಿನವರ ಜಪ್ತಿಗೆ ತಲೆತಗ್ಗಿಸುತ್ತಿದ್ದ ಮನುಷ್ಯ ಲೆಕ್ಕ ಕೇಳತೊಡಗಿದ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಫಲಕಗಳು ಎದ್ದವು.

ಈ ವಿಚಾರ ವಿಧಾನಸಭೆಗೆ ಹೋದದ್ದೂ ನಮ್ಮ ಸೀಮೆಯಿಂದಲೇ. ಬೈಲಹೊಂಗಲ ತಾಲ್ಲೂಕಿನ ಚಿಕ್ಕಬಾಗೇವಾಡಿಯ ರೈತ ಸಂಘದ ನಾಯಕ ಬಾಬಾಗೌಡ ಪಾಟೀಲರು 1989ರಲ್ಲಿ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ, ಎರಡೂ ಕಡೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಸಂಘದ ಮತ್ತೊಬ್ಬ ನಾಯಕ ಎಂ.ಡಿ. ನಂಜುಂಡಸ್ವಾಮಿ ಆರಿಸಿ ಬಂದರು. ಆಮೇಲೆ ದಾರಿಗಳು ಕವಲೊಡೆದವು. ನಂಜುಂಡಸ್ವಾಮಿ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ವಿರುದ್ಧ, ಬೀಜ ಕಂಪನಿಗಳ ವಿರುದ್ಧ ತಿರುಗಿದರು. 1992ರ ಕೊನೆಗೆ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿದರು. ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ರಾಜ್ಯ ಸಚಿವರಾದರು. ಅದನ್ನು ದ್ರೋಹ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿಜವಾದ ತೊಡಕು ಬೇರೆಯದು. ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗ ಇರುವುದು ಕೃಷಿ ಇಲಾಖೆಯಲ್ಲಿ, ಗ್ರಾಮೀಣಾಭಿವೃದ್ಧಿಯಲ್ಲಲ್ಲ. ಬೆಲೆಗಾಗಿ ಹೋರಾಡಿದ ನಾಯಕನಿಗೆ ಸಿಕ್ಕಿದ್ದು ಬೆಲೆ ಕಟ್ಟುವ ಅಧಿಕಾರವಿಲ್ಲದ ಖಾತೆ.

ಈ ಪರಂಪರೆ ಎಡವಿದ್ದೂ ಅಲ್ಲಿಯೇ. ಸರ್ಕಾರ ಅನ್ಯಾಯ ಮಾಡುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಆ ಅನ್ಯಾಯ ಯಾವ ಮೇಜಿನ ಮೇಲೆ ಸಹಿಯಾಗುತ್ತದೆ ಎಂಬುದರ ಬೆನ್ನು ಹತ್ತಲಿಲ್ಲ. ಕಬ್ಬಿನದನ್ನೇ ನೋಡಿ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಾಕಿಗಾಗಿ ರಸ್ತೆಗಿಳಿಯುವುದು ಬೆಳಗಾವಿ ಜಿಲ್ಲೆಗೆ ತಪ್ಪಿಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಬೆಳೆಗಾರ ಸದಸ್ಯನೇ ಮತದಾರ. ಆದರೂ ಚಳವಳಿಯ ಕಸುವು ಹೆಚ್ಚಾಗಿ ಗೇಟಿನ ಮುಂದಿನ ಧರಣಿಗೆ ಖರ್ಚಾಯಿತು. ಒಳಗಿನ ಆಡಳಿತ ಮಂಡಳಿ, ಎಪಿಎಂಸಿ, ನೀರು ಬಳಕೆದಾರರ ಸಂಘ ಇವೆಲ್ಲ ಪಕ್ಷಗಳ ಪಾಲಾದವು. ಬೆಲೆ, ನೀರು, ತೂಕ ನಿರ್ಧಾರವಾಗುವ ಜಾಗಗಳು ಅವೇ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಊರೆಲ್ಲ ಒಂದು, ಪೇಟೆಯೇ ಎದುರಾಳಿ ಎಂದು ಈ ಚಿಂತನೆ ನಂಬಿತು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಗೇಣಿದಾರನಿಗೆ ಹೊಲ ಕೊಟ್ಟಿತು, ಬರೀ ಕೂಲಿಯವನನ್ನು ಹಾಗೆಯೇ ಬಿಟ್ಟಿತು. ಅವನಿಗೆ ಮಾರಲು ಫಸಲಿಲ್ಲ. ಸಾಗುವಳಿ ಖರ್ಚು ಲೆಕ್ಕಹಾಕಿ ಸಂಘ ಕೇಳಿದ ‘ವೈಜ್ಞಾನಿಕ ಬೆಲೆ’ ಬಂದರೂ ಅವನ ಸಂತೆಯ ಖರ್ಚು ಏರುವುದಷ್ಟೇ. ಹತ್ತಿ ಬಿಡಿಸುವ ಹೆಂಗಸಿನ ದಿನಗೂಲಿಯೂ ಸಾಗುವಳಿ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಯಿತೇ ಹೊರತು ಬೇಡಿಕೆಗಳ ಪಟ್ಟಿಯಲ್ಲಿ ಮೇಲೆ ಬರಲಿಲ್ಲ. ಸರ್ಕಾರ ರೈತನಿಗೆ ಬಾಕಿದಾರ ಎಂದು ಲೆಕ್ಕ ಹಾಕಿದ ಸಂಘ, ಹೊಲದ ಯಜಮಾನ ಅವಳಿಗೆ ಎಷ್ಟು ಬಾಕಿದಾರ ಎಂಬ ಲೆಕ್ಕಕ್ಕೆ ಅಷ್ಟೇ ಹಟದಿಂದ ಕೂರಲಿಲ್ಲ.